ಹಿಂದಿನ ಸೀಟಿನ ದಿಂಬು

ನನ್ನ ಷಡ್ಡಕನಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ, ಹೌದು, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಆದರೆ ಮಾತು ಸುಳ್ಳಲ್ಲ. ಅವನು ನನ್ನ ಹೆಂಡತಿಯ ತಂಗಿಯ ಗಂಡ, ಶೂ ಅಂಗಡಿಯವನು. ಬಾನೆಟ್ ಎತ್ತಿ ಕಾರ್ಬ್ಯುರೇಟರ್ ಎಲ್ಲಿದೆ ತೋರಿಸಪ್ಪ ಎಂದರೆ ಬ್ಯಾಟರಿ ತೋರಿಸುತ್ತಾನೆ. ಯಾರೋ ರಿಪೇರಿ ಮಾಡಿ, ಬಣ್ಣ ಹೊಡೆದು ಇಟ್ಟಿದ್ದ ಹಳೇ ಕಾರನ್ನು ಕೊಂಡು ತಂದವನು.

ನಾನು ಹಾಗಲ್ಲ. ನಲವತ್ತು ವರ್ಷ ಕಾರಿನ ಸೀಟು ಹೊಲಿದು ಬದುಕಿದವನು. ಕೋಳಿ ಮೊಟ್ಟೆ ಇಡುತ್ತಿದ್ದ ಗುಜರಿ ಕಾರನ್ನು ಎಳೆದು ತಂದು, ಹನ್ನೊಂದು ವರ್ಷ ಶೆಡ್ಡಿನಲ್ಲಿ ಅದರ ಜೊತೆ ಸಂಸಾರ ಮಾಡಿ, ಒಂದೊಂದು ಸ್ಕ್ರೂ ಹುಡುಕಿ ಹಾಕಿ ನಿಲ್ಲಿಸಿದವನು. ಆ ಹನ್ನೊಂದು ವರ್ಷ ನನ್ನ ಹೆಂಡತಿ ಊಟಕ್ಕೆ ಕರೆಯಲು ಬಂದರೆ ಅವಳಿಗೆ ಕಾಣುತ್ತಿದ್ದದ್ದು ಕಾರಿನಡಿ ಚಾಚಿದ ನನ್ನ ಎರಡು ಕಾಲು ಮಾತ್ರ.

ಹಳೇ ಕಾರುಗಳ ಸಂಘದವರು ವರ್ಷಕ್ಕೊಂದು ಪ್ರದರ್ಶನ ಮಾಡುತ್ತಾರೆ. ನೂರರಲ್ಲಿ ತೊಂಬತ್ತು ಅಂಕ ಕಾರಿಗೆ, ಉಳಿದ ಹತ್ತು ಕಾರಿನ ಪಕ್ಕ ಜೋಡಿಸಿಟ್ಟ ಸಾಮಾನಿಗೆ. ಆ ಸಾಮಾನು ಕಾರು ತಯಾರಾದ ವರ್ಷದ್ದೋ ಅದಕ್ಕಿಂತ ಹಳೆಯದೋ ಆಗಿರಬೇಕು. ಆಮೇಲಿನದು ಒಂದೇ ಒಂದು ಸಿಕ್ಕರೂ ಐದು ಅಂಕ ಕಡಿತ. ನನ್ನ ಕಾರಿಗೆ ಅರವತ್ತೆರಡು ವರ್ಷ, ನನಗೆ ಅರವತ್ತನಾಲ್ಕು. ಹಾಗಾಗಿ ನಿಯಮದ ಪ್ರಕಾರ ನಾನೂ ಅದರ ಪಕ್ಕ ಇಡಬಹುದಾದ ಸಾಮಾನೇ ಎಂದು ನೆಂಟರ ಮುಂದೆಲ್ಲ ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಹೆಂಡತಿಯೂ ಮೊದಮೊದಲು ನಗುತ್ತಿದ್ದಳು.

ಆ ಹತ್ತು ಅಂಕದಲ್ಲೇ ಷಡ್ಡಕ ಮೂರು ವರ್ಷ ನನಗೆ ಮಣ್ಣು ಮುಕ್ಕಿಸಿದ. ಶೂ ಅಂಗಡಿಯ ಗಾಜಿನ ಕಪಾಟು ಅಲಂಕರಿಸಿ ಪಳಗಿದ ಕೈ ಅವನದು. ಡಿಕ್ಕಿ ತೆರೆದು ಒಂದು ಬೆತ್ತದ ಬುಟ್ಟಿ, ಅದರಲ್ಲಿ ನಾಲ್ಕು ಪಿಂಗಾಣಿ ಕಪ್ಪು. ಹುಲ್ಲಿನ ಮೇಲೆ ಚೌಕಳಿ ಬಟ್ಟೆ, ಮಡಚುವ ಎರಡು ಸ್ಟೂಲು, ಒಂದು ರೇಡಿಯೋ. ಹಿಂದಿನ ಬಾಗಿಲು ಅರ್ಧ ತೆರೆದು, ಕಾಲಿಡುವ ಜಾಗದಲ್ಲಿ ಪುಟ್ಟ ಹುಡುಗಿಯ ಒಂದು ಜೊತೆ ಬೂಟು. ಮಗು ಈಗ ತಾನೇ ಬೂಟು ಬಿಚ್ಚಿ ಹುಲ್ಲಿನ ಮೇಲೆ ಓಡಿಹೋಗಿದೆ ಎಂದು ನೋಡಿದವರಿಗೆ ಅನ್ನಿಸಬೇಕು. ಅನ್ನಿಸುತ್ತಿತ್ತು ಕೂಡ. ಜನ ಅಲ್ಲಿ ನಿಂತು ತಮ್ಮ ಅಜ್ಜಿಯ ಕಥೆ, ತಮ್ಮ ಅಪ್ಪನ ಕಾರಿನ ಕಥೆ ಹೇಳಲು ಶುರು ಮಾಡುತ್ತಿದ್ದರು.

ನನ್ನ ಕಾರಿನ ಸುತ್ತ ನಾಲ್ಕು ಕಂಬ, ಒಂದು ಹಗ್ಗ, ‘ಮುಟ್ಟಬೇಡಿ’ ಎಂಬ ಬೋರ್ಡು, ಬದಲಾಯಿಸಿದ ಭಾಗಗಳ ಮೂರು ಪುಟದ ಪಟ್ಟಿ. ಜನ ಒಂದು ಸುತ್ತು ಹಾಕಿ, ಚೆನ್ನಾಗಿದೆ ಎಂದು ಹೇಳಿ ಹೋಗುತ್ತಿದ್ದರು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ನನ್ನ ಹೊಟ್ಟೆ ನಿಜವಾಗಿ ಉರಿಯುತ್ತಿದ್ದದ್ದು ಹೆಂಡತಿಯನ್ನು ನೋಡಿ. ಅರ್ಧ ಗಂಟೆ ನನ್ನ ಪಕ್ಕ ಕೂತಿದ್ದು, ಆಮೇಲೆ ಕುರ್ಚಿ ಎತ್ತಿಕೊಂಡು ತಂಗಿಯ ಕಡೆ ಹೊರಟುಬಿಡುವಳು. ಅಲ್ಲಿ ಅವಳು ನಗುವುದು ನನಗೆ ಇಲ್ಲಿಗೆ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಯಿತು ಎಂದು ಯೋಚಿಸುವ ಬದಲು, ಅದನ್ನು ಅವನು ಕದ್ದ ಎಂದು ನಾನು ಅವನ ಲೆಕ್ಕಕ್ಕೇ ಬರೆದೆ.

ನಾಲ್ಕನೇ ವರ್ಷದ ಪ್ರದರ್ಶನಕ್ಕೆ ಎರಡು ತಿಂಗಳಿರುವಾಗ ಒಂದು ದಿನ ಅವಳು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು.

“ರೀ, ಹಿಂದಿನ ಸೀಟು ತೀರಾ ಬೋಳಾಗಿ ಕಾಣುತ್ತೆ. ಒಂದು ದಿಂಬು ಹೊಲಿದು ಕೊಡ್ಲಾ?”

ನಾನು ಡೈನಮೋ ಒರೆಸುತ್ತಿದ್ದೆ. ತಲೆ ಎತ್ತಲಿಲ್ಲ. “ಹೊಸದು ಯಾವುದೂ ಇದರ ಹತ್ತಿರ ಬರೋ ಹಾಗಿಲ್ಲ. ಅಂಕ ಹೋಗುತ್ತೆ,” ಎಂದೆ.

ಅವಳು ಮನೆಯೊಳಗೆ ಹೋದಳು. ನಾನು ಆ ಮಾತನ್ನು ಅಲ್ಲೇ ಮರೆತೆ.

ಆ ಸಲ ನಾನೂ ಹಠಕ್ಕೆ ಬಿದ್ದಿದ್ದೆ. ಅಪ್ಪ ಸೀಟು ಹೊಲಿಯುತ್ತಿದ್ದ ಕಾಲದ ಸುತ್ತಿಗೆ, ಬಾಗುಸೂಜಿ, ಮೇಣದ ಉಂಡೆ, ಹತ್ತಿ ದಾರದ ಉರುಳೆ ಎಲ್ಲವನ್ನೂ ಒರೆಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಒಂದೂ ಹೊಸದಲ್ಲ. ಅಪ್ಪನ ಸಾಮಾನಿನ ಮುಂದೆ ಆ ಬುಟ್ಟಿ ಯಾವ ಮೂಲೆಗೆ ಎಂದು ಬೀಗುತ್ತಾ ಹೋದೆ. ಬೆಳಗ್ಗೆ ಹನ್ನೊಂದರವರೆಗೆ ಪೆಟ್ಟಿಗೆಯ ಮುಂದೆ ನಿಂತವರು ಇಬ್ಬರು. ಅವರಲ್ಲಿ ಒಬ್ಬ ಶೌಚಾಲಯ ಎಲ್ಲಿ ಎಂದು ಕೇಳಲು ನಿಂತವನು.

ಷಡ್ಡಕನ ಕಾರಿನ ಸುತ್ತ ಜಾತ್ರೆ. ಹೆಂಡತಿ ಈ ಸಲ ಅರ್ಧ ಗಂಟೆಯೂ ಕೂರದೆ ಅಲ್ಲಿಗೆ ಹೋಗಿದ್ದಳು. ನನಗೆ ತಡೆಯಲಾಗಲಿಲ್ಲ. ಚಹಾದ ಲೋಟ ಹಿಡಿದುಕೊಂಡು, ಸುಮ್ಮನೆ ಆ ಕಡೆ ಬಂದವನಂತೆ ಹೋದೆ. ಬುಟ್ಟಿ, ಕಪ್ಪು, ರೇಡಿಯೋ, ಬೂಟು ಎಲ್ಲ ಹಳೆಯವೇ. ಹಿಂದಿನ ಸೀಟಿನ ಮೇಲೆ ಮಾತ್ರ ಹೊಸದಾಗಿ ಒಂದು ದಿಂಬು ಬಂದಿತ್ತು. ಗಿಳಿಹಸಿರು ಮಾಸಿದಂಥ ಬಟ್ಟೆ, ಅಂಚಿಗೆ ಕೆಂಪು ದಾರ. ನೋಡಿದವರೆಲ್ಲ ಅದನ್ನೇ ಹೊಗಳುತ್ತಿದ್ದರು. ಬಿಸಿಲು ಬಿದ್ದ ಕಡೆ ಆ ದಾರ ಹೊಳೆಯಿತು.

ಹತ್ತಿ ದಾರ ಹಾಗೆ ಹೊಳೆಯುವುದಿಲ್ಲ. ಅದಕ್ಕೆ ನವಿರಾದ ನಾರು ಎದ್ದಿರುತ್ತದೆ. ಇದು ಪಾಲಿಸ್ಟರ್, ಈ ಕಾರುಗಳ ಕಾಲದಲ್ಲಿ ನಮ್ಮ ಕಡೆ ಇಲ್ಲದಿದ್ದ ದಾರ. ನಲವತ್ತು ವರ್ಷದ ಕಣ್ಣಿಗೆ ಇಷ್ಟು ಸಾಕಿತ್ತು. ಮೂರು ವರ್ಷದ ಉರಿ ಒಂದೇ ಕ್ಷಣದಲ್ಲಿ ತಂಪಾಯಿತು. ಅಷ್ಟು ಖುಷಿ ನನಗೆ ನನ್ನ ಕಾರು ಮೊದಲ ಸಲ ಸ್ಟಾರ್ಟ್ ಆದಾಗಲೂ ಆಗಿರಲಿಲ್ಲ.

ತೀರ್ಪುಗಾರರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ನಿಯಮ ಎಂದರೆ ಪ್ರಾಣ ಬಿಡುವ ಮನುಷ್ಯ. ನಾನೇ ಹೋಗಿ ಅವರನ್ನು ಕರೆತಂದೆ. ಆ ದಿಂಬಿನ ಬಗ್ಗೆ ನನಗೊಂದು ಸಂಶಯ ಇದೆ ಎಂದು ಬಹಳ ವಿನಯದಿಂದ ಹೇಳಿದೆ. ಷಡ್ಡಕ ಏನೋ ಹೇಳಲು ಬಾಯಿ ತೆರೆದು, ನನ್ನ ಹೆಂಡತಿಯ ಕಡೆ ನೋಡಿ ಮುಚ್ಚಿಕೊಂಡ. ಸಿಕ್ಕಿಬಿದ್ದ ಕಳ್ಳನಿಗೆ ಮಾತು ಬರುವುದಿಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಮೇಷ್ಟ್ರು ದಿಂಬು ತೆಗೆದುಕೊಂಡು ಕನ್ನಡಕ ಏರಿಸಿ ನೋಡಿದರು. ಅವರಿಗೆ ತಿಳಿಯಲಿಲ್ಲ. ಬೆಂಕಿಕಡ್ಡಿ ಇದ್ದರೆ ಗೊತ್ತಾಗಿಬಿಡುತ್ತದೆ ಎಂದು ನಾನೇ ಹೇಳಿ, ನಾನೇ ಜೇಬಿನಿಂದ ಪೊಟ್ಟಣ ತೆಗೆದೆ. ಹತ್ತಿಯಾದರೆ ಬೂದಿಯಾಗುತ್ತದೆ, ಪಾಲಿಸ್ಟರ್ ಆದರೆ ಕರಗಿ ಮಣಿಯಾಗುತ್ತದೆ. ಅಂಚಿನಲ್ಲಿ ಹೊರಗಿದ್ದ ದಾರದ ತುದಿ ಹಿಡಿದು ಎಲ್ಲರ ಮುಂದೆ ಕಡ್ಡಿ ಗೀರಿದೆ. ದಾರ ಸುರುಟಿಕೊಂಡು ಕಪ್ಪು ಮಣಿಯಾಯಿತು. ಗೆದ್ದೆ.

ಮಣಿಯನ್ನು ಮೇಷ್ಟ್ರಿಗೆ ತೋರಿಸಲು ದಿಂಬನ್ನು ತಿರುಗಿಸಿದಾಗ ಕೈಯಿಂದ ಮುಚ್ಚಿದ ಹೊಲಿಗೆ ಕಣ್ಣಿಗೆ ಬಿತ್ತು. ಏಳು ಹೊಲಿಗೆಗೊಂದು ಗಂಟು, ಮತ್ತೆ ಏಳು, ಮತ್ತೆ ಗಂಟು. ದಾರ ಎಲ್ಲಿ ಕಿತ್ತರೂ ಸೀಟು ಪೂರ್ತಿ ಬಾಯಿ ಬಿಡದಿರಲಿ ಎಂದು ನಮ್ಮ ಅಪ್ಪ ಕಂಡುಕೊಂಡಿದ್ದ ಕ್ರಮ ಅದು. ಅಪ್ಪ ನನಗೆ ಕಲಿಸಿದ್ದ. ಮದುವೆಯಾದ ಹೊಸತರಲ್ಲಿ ಅಂಗಡಿಗೆ ಆಳು ಸಿಗದೆ ಒದ್ದಾಡುತ್ತಿದ್ದಾಗ ನಾನು ಒಬ್ಬರಿಗೆ ಕಲಿಸಿದ್ದೆ. ಒಬ್ಬರಿಗೆ ಮಾತ್ರ. ಆಗ ನಾವಿಬ್ಬರೂ ಒಂದೇ ಸೀಟಿನ ಎರಡು ತುದಿಯಲ್ಲಿ ಕೂತು ಹೊಲಿಯುತ್ತಾ ನಡುವಿಗೆ ಬಂದು ಸೇರುತ್ತಿದ್ದೆವು.

ತಲೆ ಎತ್ತಿದೆ. ಹೆಂಡತಿ ನನ್ನನ್ನು ನೋಡುತ್ತಿರಲಿಲ್ಲ, ಕರಗಿದ ಆ ಮಣಿಯನ್ನು ನೋಡುತ್ತಿದ್ದಳು.

ಆಗಲೂ ಹೇಳಬಹುದಿತ್ತು. ಬಿಡಿ ಮೇಷ್ಟ್ರೇ, ಇದು ನಮ್ಮ ಮನೆಯದೇ, ದೂರು ವಾಪಸ್ಸು ತಗೊಳ್ತೀನಿ ಎಂದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಕಪ್ಪು ಮಣಿ ಕಂಡರೂ, ಗಂಟು ಕಂಡರೂ, ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಐದು ಅಂಕ. ಜೊತೆಗೆ, ಅವಳು ಹೊಲಿದದ್ದನ್ನು ಅವನಿಗೆ ಕೊಟ್ಟಳಲ್ಲ ಎಂಬ ಹೊಸ ಉರಿ. ಷಡ್ಡಕ ನನ್ನ ಕೈಯಿಂದ ದಿಂಬು ತೆಗೆದುಕೊಂಡ.

“ತಪ್ಪು ನಂದೇ ಮೇಷ್ಟ್ರೇ. ಅಣ್ಣ ಹೇಳಿದ್ದು ಸರಿ. ಅಂಕ ಕಳೀರಿ,” ಎಂದ. ದಿಂಬು ಯಾರದೆಂದು ಅವನು ಹೇಳಲಿಲ್ಲ. ಅವನ ಆ ದೊಡ್ಡತನ ಕಂಡು ನನಗೆ ಇನ್ನಷ್ಟು ಉರಿಯಿತು.

ಸಂಜೆ ನನ್ನ ಹೆಸರು ಕರೆದರು. ಮೊದಲ ಬಹುಮಾನ, ಎರಡೂವರೆ ಅಂಕದ ಅಂತರ. ಗೆದ್ದವರು ಮನೆಯವರ ಜೊತೆ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದು ಸಂಘದ ಪದ್ಧತಿ. ಫೋಟೋದವನು ನನ್ನನ್ನು ಹಗ್ಗದೊಳಗೆ ನಿಲ್ಲಿಸಿ, ಇನ್ನೊಬ್ಬರಿಗೆ ಜಾಗ ಬಿಟ್ಟು ನಿಲ್ಲಿ, ಅಮ್ಮಾವ್ರನ್ನ ಕರೀರಿ ಎಂದ. ಅವಳು ಹಗ್ಗದ ಆಚೆಯವರೆಗೂ ಬಂದಳು. ಬಗಲಲ್ಲಿ ಆ ದಿಂಬಿತ್ತು. ನಾನು ಹಗ್ಗ ಎತ್ತಿ ಹಿಡಿದೆ.

“ಬಾ,” ಎಂದೆ.

“ಬೇಡ ಬಿಡಿ. ನಾನು ಹುಟ್ಟಿದ್ದು ಈ ಕಾರು ಬಂದು ನಾಲ್ಕು ವರ್ಷ ಆದ್ಮೇಲೆ,” ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. “ಪಕ್ಕದಲ್ಲಿ ನಿಂತ್ರೆ ನಿಮಗೆ ಅಂಕ ಹೋಗುತ್ತೆ.”

ಹೇಳಿ ತಿರುಗಿ ತಂಗಿಯ ಕಾರಿನ ಕಡೆ ನಡೆದಳು. ಅಲ್ಲಿ ಷಡ್ಡಕ ಬುಟ್ಟಿ ತುಂಬುತ್ತಿದ್ದವನು ಎದ್ದು, ಅರ್ಧ ತೆರೆದಿದ್ದ ಹಿಂದಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದ. ಅವಳು ದಿಂಬನ್ನು ಬೆನ್ನಿಗಿಟ್ಟುಕೊಂಡು ಒರಗಿ ಕೂತಳು. ಫೋಟೋದವನು ಇನ್ನೂ ಕಾಯುತ್ತಿದ್ದ. ತೆಗಿ ಎಂದೆ. ಅವಳಿಗೆಂದು ಬಿಟ್ಟಿದ್ದ ಜಾಗಕ್ಕೆ ಸರಿದು ನಿಲ್ಲಲು ನನಗೆ ತೋಚಲಿಲ್ಲ.