ಕಳೆದುಹೋದ ಎರಡನೇ ಸಂಪುಟ

ಲಿಫ್ಟ್ ರಿಪೇರಿಯವನು ಮಂತ್ರಿಯ ಮಾತೆತ್ತಿದ್ದೇ ತಡ, ಪಟ್ಟಿಯಮ್ಮನ ಪೆನ್ನು ಗಕ್ಕನೆ ನಿಂತಿತು.

ಆಕೆ ಆ ಗ್ರಂಥಾಲಯದ ಪಾಲಕಿ. ಪಟ್ಟಿ ಮಾಡದೆ ನೀರೂ ಕುಡಿಯದ ಹೆಂಗಸೆಂದು ಓದುಗರು ಇಟ್ಟ ಹೆಸರು ಅದು. ರಿಪೇರಿಯವನ ಪರಿಚಯ ಅಷ್ಟಕ್ಕಷ್ಟೇ. ತಿಂಗಳಿಗೊಮ್ಮೆ ಲಿಫ್ಟ್ ಮುಷ್ಕರ ಹೂಡುತ್ತಿತ್ತು, ಅವನು ಬರುತ್ತಿದ್ದ, ಈಕೆ ಅವನ ಕಾಗದಕ್ಕೆ ಸಹಿ ಹಾಕುತ್ತಿದ್ದಳು.

"ಯಾವ ಮಂತ್ರಿ?"

"ಅದೇ ಮೇಡಂ, ಹಳೇ ಕಾವ್ಯದಲ್ಲಿ ಬರ್ತಾನಲ್ಲ. ಹಾರ ಕದ್ದ ಅಂತ ರಾಜ ಅವನನ್ನ ಊರು ಬಿಟ್ಟು ಓಡಿಸ್ತಾನೆ. ಲಿಫ್ಟು ಎರಡು ಮಹಡಿ ಮಧ್ಯೆ ಸಿಕ್ಕಿಹಾಕ್ಕೊಂಡಾಗೆಲ್ಲ ನಂಗೆ ಅವನದೇ ನೆನಪು. ಪಾಪ, ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ."

ಆಕೆಯ ಪಟ್ಟಿಯ ಪ್ರಕಾರ ಮಂತ್ರಿಯ ಕಥೆ ಬರುವುದು ಆ ಕಾವ್ಯದ ಎರಡನೇ ಸಂಪುಟದಲ್ಲಿ. ಆ ಸಂಪುಟ ಕಾಣೆಯಾಗಿ ನಾಲ್ಕು ವರ್ಷ. ಅಂಥ ಪ್ರತಿ ಬೇರೆಲ್ಲೂ ಇರಲಿಲ್ಲ. ರಟ್ಟು ಹಾಕಿಸಲು ಇಪ್ಪತ್ತನಾಲ್ಕು ಪುಸ್ತಕ ಹೋಗಿದ್ದವು, ಇಪ್ಪತ್ತಮೂರು ಬಂದಿದ್ದವು. ಗಂಟು ಹೊತ್ತುಕೊಂಡು ಹೋದವನು ಅಟೆಂಡರ್ ಉದ್ದಣ್ಣ. ದಾರಿಯಲ್ಲಿ ಮಾರಿಕೊಂಡಿದ್ದಾನೆ ಎಂದು ಪಟ್ಟಿಯಮ್ಮ ಮೇಲಿನವರಿಗೆ ಬರೆದುಕೊಟ್ಟಳು. ಅವನ ಇಪ್ಪತ್ತೆರಡು ವರ್ಷದ ಕೆಲಸ ಆ ಒಂದೇ ಕಾಗದಕ್ಕೆ ಹೋಯಿತು.

ಈ ರಿಪೇರಿಯವನೂ ಉದ್ದಣ್ಣನೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದದ್ದು ಈಗ ನೆನಪಾಯಿತು. ಅವನ ಹತಾರದ ಚೀಲದ ಮೇಲೆ ಕಣ್ಣು ಹೋಯಿತು. ಅದರಲ್ಲಿ ಒಂದಲ್ಲ, ನಾಲ್ಕು ಸಂಪುಟ ಹಿಡಿಸೀತು. ಕಳ್ಳ ತಾನಾಗಿಯೇ ಬಂದು ಎದುರು ಕೂತಿದ್ದಾನಲ್ಲ ಎಂದು ಆಕೆಗೆ ಒಳಗೊಳಗೇ ಖುಷಿಯೂ ಆಯಿತು, ಅದನ್ನು ಮುಚ್ಚಿಟ್ಟುಕೊಂಡಳು.

"ಹಳೇ ಭಾಷೆ ನಿಮಗೆ ಅರ್ಥ ಆಗುತ್ತಾ?" ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

"ಕೆಳಗೆ ಅರ್ಥ ಕೊಟ್ಟಿದ್ದಾರಲ್ಲ. ಒಂದೊಂದು ಕಡೆ ಹುಳ ಕೊರೆದಿದೆ ನೋಡಿ, ಅಲ್ಲಿ ಮಾತ್ರ ಊಹೆ ಮಾಡ್ಕೋಬೇಕು. ರಾಣಿ ಅಳೋ ಪುಟದಲ್ಲಂತೂ ತೂತೋ ತೂತು."

ಹುಳದ ತೂತು ಪಟ್ಟಿಯಮ್ಮನಿಗೆ ಬಾಯಿಪಾಠ. ಅದಕ್ಕೆಂದೇ ಪುಸ್ತಕ ರಟ್ಟಿಗೆ ಹೋಗಿದ್ದು. ಆಕೆ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಆ ಪುಸ್ತಕ ಎಲ್ಲಿಟ್ಟಿದ್ದೀರಿ?"

"ನಾನ್ಯಾಕೆ ಇಡ್ಲಿ? ನೀವೇ ಇಟ್ಟಿದ್ದೀರಲ್ಲ, ಮೂಲೆ ಕಪಾಟಿನಲ್ಲಿ."

"ಸುಳ್ಳು ಹೇಳಬೇಡಿ. ಆ ಕಪಾಟಿನಲ್ಲಿರೋದು ನೀರು ಸರಬರಾಜಿನ ವಾರ್ಷಿಕ ವರದಿಗಳು!"

"ಹೂಂ ಮತ್ತೆ, ಅದರೊಳಗೇ. ಲಿಫ್ಟಿನ ಸಾಮಾನು ಬರೋವರೆಗೂ ಕೂತಿರಬೇಕಲ್ಲ, ಪಂಪಿನ ನಕ್ಷೆ ಇರುತ್ತೇನೋ ಅಂತ ತೆಗೆದೆ. ಮೂರು ವರದಿ ಮುಗೀತಿದ್ದ ಹಾಗೇ ರಾಜ ಬಂದುಬಿಟ್ಟ! ಯಾರೂ ಮುಟ್ಟದೇ ಇರಲಿ ಅಂತ ನೀವೇ ಜೋಪಾನ ಮಾಡಿದ್ದೀರಿ ಅಂದ್ಕೊಂಡೆ."

ಅವನೇ ಹೋಗಿ ದಪ್ಪ ಹಸಿರು ರಟ್ಟಿನ ಪುಸ್ತಕ ತಂದು ಮೇಜಿನ ಮೇಲಿಟ್ಟ. ಪಟ್ಟಿಯಮ್ಮ ಪುಟ ತಿರುವಿದಳು. ಕೊಳವೆ, ತೊಟ್ಟಿ, ಪಂಪು. ಆಮೇಲೆ ರಾಜ, ರಾಣಿ, ಹುಳದ ತೂತು.

ರಟ್ಟು ಹಾಕುವವನು ಪುಸ್ತಕ ಓದುವುದಿಲ್ಲ, ಅದರ ಮೊದಲ ಪುಟಕ್ಕೆ ಸಿಕ್ಕಿಸಿದ ಚೀಟಿ ಓದುತ್ತಾನೆ. ಒಂದು ಚೀಟಿಯಿಂದ ಇನ್ನೊಂದು ಚೀಟಿಯವರೆಗೆ ಏನಿದ್ದರೂ ಒಂದೇ ರಟ್ಟು. ವರ್ಷವರ್ಷದ ವರದಿಗಳನ್ನು ಒಂದೇ ಪುಸ್ತಕವಾಗಿ ಹೊಲಿಯಲು ಪಟ್ಟಿಯಮ್ಮನೇ ಮಾಡಿದ ಏರ್ಪಾಡು ಅದು. ಚೀಟಿ ಬರೆಯುವ ಕೆಲಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟವಳಲ್ಲ.

"ಚೀಟಿ ಪುಸ್ತಕ ಒಂದ್ಸಲ ತೆಗೆದು ಎಣಿಸಿ ನೋಡಿ ಅಮ್ಮಾ," ಎಂದಿದ್ದ ಉದ್ದಣ್ಣ, ಹೋಗುವ ದಿನ. ನನಗೇ ಪಾಠ ಹೇಳುತ್ತೀಯಾ ಎಂದು ಆಕೆ ರೇಗಿದ್ದಳು.

ಈಗ ಬೀರುವಿನ ತಳದಿಂದ ಚೀಟಿ ಪುಸ್ತಕ ತೆಗೆದು ಕಾರ್ಬನ್ ಪ್ರತಿಗಳನ್ನು ಎಣಿಸಿದಳು. ಇಪ್ಪತ್ತಮೂರು. ಮತ್ತೆ ಎಣಿಸಿದಳು. ಎಲ್ಲವೂ ಆಕೆಯದೇ ಗುಂಡು ಅಕ್ಷರ. ಕಾವ್ಯಕ್ಕೆ ಆಕೆ ಚೀಟಿಯನ್ನೇ ಬರೆದಿರಲಿಲ್ಲ. ಚೀಟಿ ಪುಸ್ತಕವನ್ನು ಮುಚ್ಚಿ ಹಸಿರು ರಟ್ಟಿನ ಪಕ್ಕದಲ್ಲಿಟ್ಟಳು.

"ಇದು ಕಳೆದುಹೋಗಿತ್ತಾ ಮೇಡಂ?" ರಿಪೇರಿಯವನು ಮೆಲ್ಲಗೆ ಕೇಳಿದ.

"ಉದ್ದಣ್ಣ ಯಾಕೆ ಬರ್ತಿಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ನಿವೃತ್ತಿ ಆಯ್ತು ಅಂದ. ಈಗ ಬಸ್ ನಿಲ್ದಾಣದ ಹಿಂದೆ, ಮಗಳ ಮನೇಲಿದ್ದಾನೆ."

ಉದ್ದಣ್ಣ ತನ್ನ ಮೇಲೆ ದೂರು ಹೇಳಿಕೊಂಡು ತಿರುಗುತ್ತಿರಬೇಕೆಂದು ನಾಲ್ಕು ವರ್ಷ ಅನುಮಾನಪಟ್ಟಿದ್ದಳು ಪಟ್ಟಿಯಮ್ಮ. ಅವನು ಒಬ್ಬರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ಮೂರನೇ ಸಂಪುಟ ಸಿಗುತ್ತಾ ಮೇಡಂ? ಹಾರ ಕೊನೆಗೆ ರಾಜನ ಪೆಟ್ಟಿಗೇಲೇ ಸಿಗುತ್ತೆ, ಅಲ್ಲಿಗೆ ಇದು ಮುಗಿದುಹೋಯ್ತು. ಆಮೇಲೆ ರಾಜ ಏನು ಮಾಡ್ದ?"

ಮೂವತ್ತು ವರ್ಷ ಆ ಸಂಪುಟಗಳ ಧೂಳು ಒರೆಸಿದ್ದಳು. ಒಂದು ಪುಟವನ್ನೂ ಓದಿರಲಿಲ್ಲ.

"ನನಗೆ ಗೊತ್ತಿಲ್ಲಪ್ಪಾ," ಎಂದಳು. ಸೊಂಟದಿಂದ ಬೀಗದ ಕೈ ಬಿಚ್ಚಿ, ಈವರೆಗೆ ಯಾರ ಕೈಗೂ ಕೊಡದಿದ್ದನ್ನು ಅವನ ಮುಂದಿಟ್ಟಳು. "ಒಳಗಿನ ಕಪಾಟು. ನೀವೇ ತೆಗೆದು ಓದಿಕೊಳ್ಳಿ."

ಚೀಟಿ ಪುಸ್ತಕವನ್ನೂ ಹಸಿರು ರಟ್ಟಿನ ಪುಸ್ತಕವನ್ನೂ ಎದೆಗವಚಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ ಮೇಡಂ, ಇಷ್ಟು ಭಾರ ಹೊತ್ಕೊಂಡು?"

"ಬಸ್ ನಿಲ್ದಾಣದ ಹಿಂದಕ್ಕೆ. ಬಾಗಿಲು ತೆಗೀತಾನೋ ಇಲ್ವೋ."