ಮೂರರಿಂದ ನಾಲ್ಕರ ಪಾಳಿ

ಚರ್ಚಿನ ಬಾಗಿಲ ಪಕ್ಕ ಒಂದು ಕರಿಹಲಗೆ ತೂಗುತ್ತಿತ್ತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಅದರ ಮೇಲೆ ನಮ್ಮ ಹೆಸರುಗಳಿರುತ್ತಿದ್ದವು. ಬೆಳಗಿನ ಆರರಿಂದ ಸಂಜೆ ಆರರವರೆಗೆ ಗಂಟೆಗೊಬ್ಬರು ಮೊಣಕಾಲೂರಿ ಪ್ರಾರ್ಥಿಸಬೇಕು. ಮುಂದಿನವರು ಬಂದು ಪಕ್ಕದಲ್ಲಿ ಮೊಣಕಾಲೂರುವ ತನಕ ಏಳುವಂತಿಲ್ಲ, ಮಾತಾಡುವಂತಿಲ್ಲ. ಸರಪಳಿ ಪ್ರಾರ್ಥನೆ ಎನ್ನುತ್ತಿದ್ದೆವು. ಕರ್ತರ ಎರಡನೇ ಬರೋಣ, ಅಂದರೆ ಅವರು ಭೂಮಿಗೆ ಮರಳಿ ಬರುವುದು, ಯಾವ ಗಳಿಗೆಯಲ್ಲಾದರೂ ಆಗಬಹುದು, ಆಗ ನಮ್ಮ ಸಭೆ ಎಚ್ಚರವಾಗಿರಬೇಕು ಎಂಬುದು ನಮ್ಮ ಪಾದ್ರಿ ಅಯ್ಯನವರ ಬೋಧನೆ.

ನನ್ನದು ಎರಡರಿಂದ ಮೂರು. ಹಲಗೆಯಲ್ಲಿ ನನ್ನ ಕೆಳಗೆ ಪಕ್ಕದ ಮನೆಯ ಕರುಣಮ್ಮನ ಹೆಸರು. ಒಂಟಿ ಹೆಂಗಸು, ಉಬ್ಬಸದವಳು. ಹಿಂದಿನ ವರ್ಷ ಮಧ್ಯಾಹ್ನದ ಜೋಂಪಿನಲ್ಲಿ ಅವಳು ಪಾಳಿ ತಪ್ಪಿಸಿದ್ದಳು. ಕಾದು ಕಾದು ನಾನು ಎದ್ದು ಹೋಗಿದ್ದೆ. ಸರಪಳಿ ಕಡಿದದ್ದಕ್ಕೆ ಅಯ್ಯನವರು ಎಲ್ಲರೆದುರು ನಮ್ಮಿಬ್ಬರ ಹೆಸರು ಹಿಡಿದು ಬೈದಿದ್ದರು. ನಾನು ಸುಲಭಕ್ಕೆ ಮರೆಯುವ ಹೆಂಗಸಲ್ಲ.

ಆ ಶುಕ್ರವಾರ ಮೂರು ಹೊಡೆಯಿತು, ಕರುಣಮ್ಮ ಬರಲಿಲ್ಲ. ಈ ಸಲವೂ ಕೈಕೊಟ್ಟಳು ಎಂದು ಹಲ್ಲು ಕಚ್ಚಿಕೊಂಡು ಮೊಣಕಾಲ ಮೇಲೇ ಉಳಿದೆ. ಸ್ವಲ್ಪ ಹೊತ್ತಿಗೆ ಹಾಲಿನ ನಾಗವ್ವ ಬಂದಳು. ನಮ್ಮ ಸಭೆಯವಳಲ್ಲ, ಹೊಸ್ತಿಲ ಹೊರಗೇ ನಿಂತು ಮೆಲ್ಲಗೆ ಕರೆದಳು.

"ಅಕ್ಕಾರೆ, ಕರುಣಮ್ಮೋರು ಬಾಗಿಲು ತೆಗೀತಿಲ್ಲ. ಒಳಗಿಂದ ಬೀಗ ಹಾಕ್ಕೊಂಡವ್ರೆ. ಏನೋ ನರಳಿದಂಗೆ ಕೇಳ್ತದೆ. ಇನ್ನೊಂದು ಬೀಗದ ಕೈ ನಿಮ್ಮತ್ರ ಐತಂತಲ್ಲಾ?"

ಇತ್ತು. ನನ್ನ ಸೊಂಟಕ್ಕೆ ಸಿಕ್ಕಿಸಿದ ಗೊಂಚಲಿನಲ್ಲೇ ಇತ್ತು. ಉಬ್ಬಸ ಹೆಚ್ಚಾದರೆ ಇರಲಿ ಎಂದು ಕರುಣಮ್ಮನೇ ಕೊಟ್ಟಿದ್ದಳು. ಬಿಚ್ಚಿ ನಾಗವ್ವನ ಕೈಗೆ ಹಾಕಲು ಎಷ್ಟು ಹೊತ್ತು ಬೇಕು! ಆದರೆ ಇದೆಲ್ಲ ಪಾಳಿ ತಪ್ಪಿಸುವ ನೆವ ಎಂದುಕೊಂಡೆ. ಇನ್ನೊಮ್ಮೆ ನನ್ನಿಂದ ಸರಪಳಿ ಕಡಿಯಬಾರದೆಂಬ ಹಟವೇ ದೊಡ್ಡದಾಯಿತು. ತಿರುಗದೆಯೇ ಕೈ ಎತ್ತಿ, ಕಾದಿರು ಎಂದು ಸನ್ನೆ ಮಾಡಿದೆ.

ನಾಗವ್ವ ಕಾದಳು. ದೇವರ ಕೆಲಸಕ್ಕೆ ಅಡ್ಡ ಬರಬಾರದೆಂದು ಹಾಲಿನ ಕ್ಯಾನು ಪಕ್ಕದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಎರಡು ಸಲ ಕೆಮ್ಮಿದಳು. ನಾನು ಇನ್ನಷ್ಟು ಬಿಗಿಯಾಗಿ ಕಣ್ಣು ಮುಚ್ಚಿದೆ. ನನ್ನಷ್ಟು ನಂಬಿಗಸ್ತಳು ಈ ಸಭೆಯಲ್ಲಿ ಯಾರಿದ್ದಾರೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ನಾಲ್ಕಕ್ಕೆ ಮುಂದಿನ ಪಾಳಿಯ ದೇವಸಹಾಯ ಮೇಸ್ತ್ರಿ ಬಂದು ಮೊಣಕಾಲೂರಿದ ಮೇಲೆಯೇ ಎದ್ದೆ.

ಬೀಗ ತೆಗೆದರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಕರುಣಮ್ಮ ಅದಕ್ಕೇ ಒರಗಿಕೊಂಡು ಬಿದ್ದಿದ್ದಳು. ಚರ್ಚಿಗೆಂದು ಬಿಳಿ ಸೀರೆ ಉಟ್ಟಿದ್ದಳು. ಕಂಕುಳಲ್ಲಿ ಬೈಬಲ್, ಕೈಯಲ್ಲಿ ಬೀಗದ ಕೈ. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

ಭಾನುವಾರ ಅಯ್ಯನವರು ನನ್ನನ್ನು ಎದ್ದು ನಿಲ್ಲಿಸಿದರು. "ಎರಡು ಗಂಟೆ ಒಬ್ಬಳೇ ಎಚ್ಚರವಾಗಿದ್ದ ತಂಗಿ ಇವಳು. ಕರ್ತರು ಬಂದಾಗ ನಾವೆಲ್ಲ ಹೀಗೇ ಸಿಕ್ಕಬೇಕು," ಎಂದರು. ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿ ನಿಂತೆ, ಅದನ್ನು ಜನ ವಿನಯ ಎಂದುಕೊಂಡರು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಮಾರನೆಯ ಬೆಳಿಗ್ಗೆ ನಾಗವ್ವ ಹಾಲು ಹಾಕಲು ಬಂದಳು.

"ಅಕ್ಕಾರೆ, ಅವತ್ತು ಕಣ್ಮುಚ್ಕಂಡು ಯಾರಿಗೆ ಕಾಯ್ತಿದ್ರಿ?"

"ನಮ್ಮ ಕರ್ತರಿಗೆ."

"ಬಂದ್ರಾ?"

ಕೊಂಕಿನ ಮಾತಲ್ಲ, ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ನಾನು ಹಿಡಿದಿದ್ದ ಪಾತ್ರೆ ವಾಲಿ ಹಾಲು ಚೆಲ್ಲಿತು. ಅವಳು ಮತ್ತೊಂದು ಪಾವು ಅಳೆದು ಹಾಕಿದಳು. ಕರುಣಮ್ಮನಿಗೆಂದು ದಿನಾ ತರುತ್ತಿದ್ದ ಪಾಲು ಅದು.