ಏಳನೆಯ ಕೈ

ಏಳೂವರೆಗೆ ಸಭೆ ಎಂದಿದ್ದರು. ನಾನು ಆರೂಮುಕ್ಕಾಲಿಗೇ ಹೋಗಿ ಕೂತೆ. ಕೂತೆ ಎನ್ನುವುದೂ ಸುಳ್ಳು. ಕಿಟಕಿಯ ತನಕ ಹೋಗುವುದು, ಬರುವುದು, ಜಾಕೀಟಿನ ಜಿಪ್ಪು ಏರಿಸುವುದು, ಇಳಿಸುವುದು.

"ಬಸಲಿಂಗಿ, ಒಂದ್ ಕಡೆ ಕುಂದ್ರು. ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ," ಎಂದರು ನಮ್ಮ ಯಜಮಾನರು ಸಿದ್ರಾಮಪ್ಪ.

"ನಿಮಗೇನ್ರೀ, ಕಾರಿನ್ಯಾಗ ಆಫೀಸಿಗೆ ಹೋಗ್ತೀರಿ!"

ಡಚ್ಚರ ದೇಶದ ಆಮರ್ಸ್‌ಫೋರ್ಟ್ ಪೇಟೆಯಾಚೆ ಮುನ್ನೂರು ಮನೆಯ ಊರು ನಮ್ಮದು. ದಿನಕ್ಕೆ ನಾಲ್ಕು ಸಲ ಒಂದು ಪುಟ್ಟ ಬಸ್ಸು ಬರುತ್ತದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ ಕಲಿಯಲು ಹೋಗಿ ಎರಡು ಸಲ ಕಾಲುವೆಗೆ ಬಿದ್ದಿದ್ದೇನೆ. ನಾಲ್ಕು ವರ್ಷ ಗೋಡೆ ನೋಡುತ್ತ ಕೂತವಳಿಗೆ ಮಾರ್ಚಿನಲ್ಲಿ ಪೇಟೆಯ ಶಿಶುವಿಹಾರವೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಬಸ್ಸು ನಿಂತರೆ ಕೆಲಸವೂ ಹೋಯಿತು. ಬಸ್ಸನ್ನು ಉಳಿಸಬೇಕೋ ಬೇಡವೋ ಎಂದು ಊರ ಮಂಡಳಿಯ ಏಳು ಜನ ಇವತ್ತು ಕೈಯೆತ್ತಿ ಹೇಳಬೇಕು.

ಮೂವರು ನಮ್ಮ ಕಡೆ, ಮೂವರು ಆ ಕಡೆ. ಏಳನೆಯವರು ಕೂಪ್‌ಮನ್, ನಿವೃತ್ತ ಅಂಚೆಯವರು. ಸುಲಭಕ್ಕೆ ಬಾಯಿಬಿಡುವ ಆಸಾಮಿಯಲ್ಲ. ಗುರುವಾರ ನಾನೇ ಅವರ ಮನೆಗೆ ಹೋಗಿ ಕಷ್ಟ ಹೇಳಿಕೊಂಡು ಬಂದಿದ್ದೆ. ಬರಿಗೈಯಲ್ಲಿ ಹೋಗುವುದು ಹೇಗೆ? ಹನ್ನೆರಡು ಶೇಂಗಾ ಹೋಳಿಗೆ ಮಾಡಿ ಡಬ್ಬಿಯಲ್ಲಿ ಒಯ್ದಿದ್ದೆ. ಥ್ಯಾಂಕ್ಸ್ ಹೇಳಿ ಇಸಿದುಕೊಂಡರು, ಅಷ್ಟೇ.

ಸಭೆ ಶುರುವಾಯಿತು. ಊರವರಿಗೆ ಮಾತಾಡಲು ಐದೈದು ನಿಮಿಷ. ನನ್ನ ಹರಕುಮುರುಕು ಡಚ್ಚಿನಲ್ಲೇ ಹೇಳುವುದನ್ನೆಲ್ಲ ಹೇಳಿದೆ. ಅಧ್ಯಕ್ಷೆ "ಕೈಯೆತ್ತಿರಿ" ಎನ್ನುವಷ್ಟರಲ್ಲಿ ಕೂಪ್‌ಮನ್ ಎದ್ದು ನಿಂತರು.

"ಗುರುವಾರ ಈಕೆ ನಮ್ಮ ಮನೆಗೆ ಬಂದು ಒಂದು ಡಬ್ಬಿ ಸಿಹಿ ಕೊಟ್ಟರು. ಹನ್ನೆರಡಿದ್ದವು. ನಾನೂ ನನ್ನ ಹೆಂಡತಿಯೂ ಐದು ತಿಂದೆವು. ಉಡುಗೊರೆ ತೆಗೆದುಕೊಂಡವನು ಮತ ಹಾಕಬಾರದು. ನಾನು ಹಾಕುವುದಿಲ್ಲ."

ಅಯ್ಯೋ ಶಿವನೇ! ಎಲ್ಲರೂ ನನ್ನತ್ತ ತಿರುಗಿದರು. ನಾಚಿಕೆಯಿಂದ ಸತ್ತೇಹೋದೆ. ಮೂರು ಕೈ ಪರ, ಮೂರು ಕೈ ವಿರೋಧ. ಸಮಸಮವಾದರೆ ಬಸ್ಸು ಉಳಿಸುವ ಮಾತು ಬಿದ್ದುಹೋದಂತೆ. ಮಂಡಳಿಯ ನಿಯಮ ಅದು. ಬರುವ ತಿಂಗಳ ಒಂದನೇ ತಾರೀಖಿನಿಂದ ಬಸ್ಸಿಲ್ಲ.

ಹೊರಗೆ ಕೂಪ್‌ಮನ್‌ರನ್ನು ಅಡ್ಡಗಟ್ಟಿದೆ. ಸಿಟ್ಟು ನೆತ್ತಿಗೇರಿತ್ತು. "ಬಸ್ಸು ಬೇಡವಾಗಿದ್ದರೆ ನೇರವಾಗಿ ಹೇಳಬೇಕಿತ್ತು. ನನ್ನ ಸಿಹಿಯ ನೆಪ ಯಾಕೆ?"

ಅವರ ಮುಖ ಸಪ್ಪಗಾಯಿತು. "ಬೇಡವೆ? ಹದಿನೈದು ವರ್ಷದ ಹಿಂದೆ ಈ ಬಸ್ಸಿಗಾಗಿ ಅರ್ಜಿ ಬರೆದವನೇ ನಾನು. ಇವತ್ತೂ ಅದರ ಪರವಾಗಿ ಕೈಯೆತ್ತುವವನಿದ್ದೆ."

ಅವರು ತಲೆತಗ್ಗಿಸಿ ಸೈಕಲ್ ಹತ್ತಿ ಹೋದರು. ಯಜಮಾನರು ಕಾರು ತಂದು ನಿಲ್ಲಿಸಿ ಗಾಜು ಇಳಿಸಿದರು.

"ಏನಂದ್ರು ಅವ್ರು?"

"ಅವ್ರು ಮೊದಲಿಂದ ನಮ್ಮ ಕಡೀನ ಇದ್ರಂತ್ರೀ," ಎಂದೆ. "ಬಸ್ ನಿಲ್ಲಿಸಿದಾಕಿ ನಾನಽ."